ವೇಗವೇ ಬೇರೆ, ವೇಳೆಯೇ ಬೇರೆ

ಬೆಂಗಳೂರಿನ ಪೀಣ್ಯದ ಒಂದು ಓಣಿಯಲ್ಲಿ ನನ್ನ ಸಹಪಾಠಿಯೊಬ್ಬನ ಕಾರ್ಖಾನೆಯಿದೆ. ಕಾರ್ಖಾನೆಯೆಂದರೆ ದೊಡ್ಡ ಮಾತಾದೀತು. ತಗಡಿನ ಮಾಡಿನ ಕೆಳಗೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ಮಿಲ್ಲಿಂಗ್ ಯಂತ್ರ, ಐದು ಮಂದಿ ಕೆಲಸಗಾರರು. ಇಷ್ಟೇ ಅದರ ಐಶ್ವರ್ಯ. ಆ ಮಿಲ್ಲಿಂಗ್ ಯಂತ್ರವನ್ನು ನಡೆಸುತ್ತಿದ್ದುದು ಒಂದು ಗಣಕಯಂತ್ರ. ಇಪ್ಪತ್ತು ವರ್ಷಕ್ಕೂ ಮೀರಿದ ವಯಸ್ಸು ಅದಕ್ಕೆ. ಹೊರಮೈ ಹಳದಿಗಟ್ಟಿತ್ತು, ಕೀಲಿಮಣೆಯ ಅಕ್ಷರಗಳು ಎಣ್ಣೆಗೈಗಳ ಒರಸಾಟದಲ್ಲಿ ಅಳಿಸಿಹೋಗಿದ್ದವು. ಒಂದೇ ತಿಂಗಳಲ್ಲಿ ಮೂರನೆಯ ಬಾರಿ ಅದು ಬೆಳಗ್ಗೆ ಏಳಲೊಲ್ಲದೆ ಹಟ ಹಿಡಿದಾಗ ಗೆಳೆಯ ನನಗೆ ಫೋನು ಮಾಡಿದ. "ನೀನು ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವನು. ನೀನೇ ಹೇಳು, ಇದನ್ನು ರಿಪೇರಿ ಮಾಡಿಸಲೋ, ಹೊಸದು ತರಲೋ?"

"ಹೊಸದು ತಾ" ಎಂದುಬಿಟ್ಟೆ. ಯೋಚಿಸಲಿಲ್ಲ. ಯೋಚಿಸುವಂಥದೇನಿದೆ ಎಂದು ನನ್ನ ಭಾವನೆ. ಹಳೆಯದಕ್ಕಿಂತ ನೂರಾರು ಪಟ್ಟು ವೇಗದ ಯಂತ್ರ ಅಂಗಡಿಯಲ್ಲಿ ಸಿಗುವಾಗ ಆ ಮುದಿಯನ್ನು ಕಟ್ಟಿಕೊಂಡು ಏಗುವುದೇಕೆ? ನನ್ನ ಆ ಉತ್ತರಕ್ಕೆ ಗೆಳೆಯ ತೆತ್ತ ಬೆಲೆಯನ್ನೂ, ಅದರಿಂದ ನಾನು ಕಲಿತ ಪಾಠವನ್ನೂ ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

ಹೊಸ ಗಣಕ ಬಂದಿತು. ಹಳೆಯ ತಂತಿಗಳನ್ನು ಅದಕ್ಕೆ ಜೋಡಿಸಲೆಂದು ಬೇರೊಂದು ಕಾರ್ಡನ್ನೂ ಕೂಡಿಸಿದ್ದಾಯಿತು. ಎರಡು ದಿನ ಚಿಕ್ಕಪುಟ್ಟ ಕೆಲಸಗಳು ಸರಾಗವಾಗಿ ನಡೆದವು. ಮೂರನೆಯ ದಿನ ಗಿರಾಕಿಯೊಬ್ಬರು ತಾವೇ ಉಕ್ಕಿನ ಗಟ್ಟಿಯನ್ನು ಕೊಟ್ಟು ಒಪ್ಪಿಸಿದ್ದ ಅಚ್ಚಿನ ಕೆಲಸ. ಹನ್ನೊಂದು ಗಂಟೆಗಳ ಕೆತ್ತನೆ. ಮಧ್ಯಾಹ್ನ ಎರಡರ ಸುಮಾರಿಗೆ ಅಲ್ಲಿನ ಹಿರಿಯ ಮೇಸ್ತ್ರಿ ಯಂತ್ರದ ಬಳಿ ನಿಂತವರು, "ಸಾರ್, ಮೋಟಾರು ಯಾಕೋ ತೊದಲ್ತಾ ಇದೆ" ಎಂದರಂತೆ. "ಹೊಸ ಕಂಪ್ಯೂಟರು ಮೇಸ್ತ್ರಿಗಳೇ, ಅದು ತೊದಲೋದಿಲ್ಲ. ನಿಮ್ಮ ಕಿವಿಗೇ ವಯಸ್ಸಾಯ್ತು" ಎಂದು ಗೆಳೆಯ ನಕ್ಕನಂತೆ. ರಾತ್ರಿ ಅಳತೆ ಮಾಡಿ ನೋಡಿದರೆ ಅಚ್ಚಿನ ಒಂದು ಕುಳಿ ತನ್ನ ಸ್ಥಾನದಿಂದ ೦.೨ ಮಿಲಿಮೀಟರು ಸರಿದು ನಿಂತಿದೆ. ೦.೨ ಮಿಲಿಮೀಟರೆಂದರೆ ಎರಡು ಮೂರು ತಲೆಗೂದಲಿನ ದಪ್ಪ. ಬಡಗಿಯ ಕೆಲಸದಲ್ಲಿ ಅದು ಲೆಕ್ಕಕ್ಕೇ ಬಾರದು. ಅಚ್ಚಿನ ಕೆಲಸದಲ್ಲಿ ಅದರ ಅರ್ಥ ಒಂದೇ: ಗಟ್ಟಿ ಗುಜರಿಗೆ. ಗಿರಾಕಿಯ ಉಕ್ಕಿಗೆ ಬದಲು ಉಕ್ಕು ಕೊಟ್ಟು, ಕೂಲಿ ಬಿಟ್ಟು, ತಡವಾದುದಕ್ಕೆ ಕ್ಷಮೆ ಬೇಡಿ ಮುಗಿಸುವಷ್ಟರಲ್ಲಿ ಬ್ಯಾಂಕಿನ ಎರಡು ತಿಂಗಳ ಕಂತಿನ ಹಣ ಹೋಗಿತ್ತು. ಗೆಳೆಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನವೇ ಹೋಗಿ ಮೇಸ್ತ್ರಿಯವರ ಪಕ್ಕದಲ್ಲಿ ಕುಳಿತೆ. ಅವರ ಕಿವಿಗೆ ವಯಸ್ಸಾಗಿರಲಿಲ್ಲವೆಂಬುದು ಅರ್ಧ ಗಂಟೆಯಲ್ಲೇ ನನಗೆ ಮನವರಿಕೆಯಾಯಿತು.

ಇಂಥ ಸಣ್ಣ ಯಂತ್ರಗಳಲ್ಲಿ ಮೇಜನ್ನು ಅತ್ತಿತ್ತ ಸರಿಸುವುದು ಸ್ಟೆಪ್ಪರ್ ಮೋಟಾರು. ಸಾಮಾನ್ಯ ಮೋಟಾರಿನಂತೆ ಅದು ಒಂದೇ ಸಮನೆ ಸುತ್ತುವುದಿಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದು ಸುತ್ತಿಗೆ ೨೦೦ ಹೆಜ್ಜೆ. ನಡಿಗೆ ನಯವಾಗಲೆಂದು ಒಂದೊಂದು ಹೆಜ್ಜೆಯನ್ನೂ ಎಂಟು ಪಾಲು ಮಾಡಿದರೆ ಒಂದು ಸುತ್ತಿಗೆ ೧,೬೦೦. ಗಣಕ ಒಂದು ವಿದ್ಯುತ್ ಮಿಡಿತವನ್ನು ಕಳಿಸಿದರೆ ಮೋಟಾರು ಒಂದು ಪಾಲಿನಷ್ಟು ತಿರುಗುತ್ತದೆ. ಮೋಟಾರಿಗೆ ಜೋಡಿಸಿದ ತಿರುಪು ಒಂದು ಸುತ್ತಿಗೆ ಮೇಜನ್ನು ೫ ಮಿಲಿಮೀಟರು ಸರಿಸುತ್ತದೆಂದು ಇಟ್ಟುಕೊಳ್ಳಿ. ಆಗ ಮಿಲಿಮೀಟರಿಗೆ ೩೨೦ ಮಿಡಿತಗಳಾದವು. ಕಟ್ಟರು ಲೋಹವನ್ನು ಕೊರೆಯುವಾಗ ಮೇಜು ಮೆಲ್ಲಗೇ ನಡೆಯುತ್ತದೆ. ಆದರೆ ಒಂದು ಕುಳಿ ಮುಗಿಸಿ ಕಟ್ಟರನ್ನು ಮೇಲೆತ್ತಿ ಇನ್ನೊಂದು ಕುಳಿಯತ್ತ ಧಾವಿಸುವಾಗ ನಿಮಿಷಕ್ಕೆ ೩,೦೦೦ ಮಿಲಿಮೀಟರು ವೇಗ ಸಾಮಾನ್ಯ. ಅಂದರೆ ಸೆಕೆಂಡಿಗೆ ೧೬,೦೦೦ ಮಿಡಿತ. ಒಂದಕ್ಕೂ ಮುಂದಿನದಕ್ಕೂ ನಡುವೆ ೬೨ ಮೈಕ್ರೋಸೆಕೆಂಡುಗಳ ಅಂತರ. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ.

ಇಂದಿನ ಗಣಕಕ್ಕೆ ಸೆಕೆಂಡಿಗೆ ೧೬,೦೦೦ ಮಿಡಿತ ಯಾವ ಮಹಾ ಕೆಲಸ? ಅದು ಸೆಕೆಂಡಿಗೆ ನೂರಾರು ಕೋಟಿ ಲೆಕ್ಕ ಮಾಡಬಲ್ಲುದು. ನಾನು ಮೋಸಹೋದದ್ದು ಇಲ್ಲಿಯೇ. ಮೋಟಾರಿಗೆ ಬೇಕಾದದ್ದು ಒಂದು ಸೆಕೆಂಡಿನಲ್ಲಿ ಒಟ್ಟು ೧೬,೦೦೦ ಮಿಡಿತಗಳಲ್ಲ. ಪ್ರತಿಯೊಂದು ಮಿಡಿತವೂ ಅದರದರ ಗಳಿಗೆಗೆ ಬರಬೇಕು. ಹದಿನೈದು ಮಿಡಿತಗಳು ಸರಿಯಾಗಿ ಬಂದು ಹದಿನಾರನೆಯದು ನೂರು ಮೈಕ್ರೋಸೆಕೆಂಡು ತಡವಾಯಿತೆನ್ನೋಣ. ಓಡುತ್ತಿದ್ದ ಮೋಟಾರು ಕ್ಷಣಕಾಲ ತಬ್ಬಿಬ್ಬಾಗುತ್ತದೆ, ಹಿಂದೆಯೇ ಮುಂದಿನ ಮಿಡಿತಗಳು ಒತ್ತೊತ್ತಾಗಿ ಬಂದು ಬೀಳುತ್ತವೆ, ಮೋಟಾರು ಎಡವುತ್ತದೆ. ಕಚೇರಿಯಲ್ಲಿ ಮೃದಂಗದವರು ಎಷ್ಟೇ ದುರಿತ ಕಾಲದಲ್ಲಿ ನುಡಿಸಬಲ್ಲವರಾಗಲಿ, ಸಮಕ್ಕೆ ಬಂದು ಸೇರದಿದ್ದರೆ ಹಾಡುವವರ ಗತಿಯೇನು? ಅದೇ ಗತಿ ಇಲ್ಲಿ ಮೇಜಿನದು.

ಈ ಬಗೆಯ ಮೋಟಾರು ಎಡವಿದರೆ ಮನಬಂದಷ್ಟು ಎಡವುವುದಿಲ್ಲ. ಅದರ ಸುರುಳಿಗಳ ಏರ್ಪಾಟಿನ ದೆಸೆಯಿಂದ ಸರಿಯಾಗಿ ನಾಲ್ಕು ಪೂರ್ಣ ಹೆಜ್ಜೆ, ಇಲ್ಲವೇ ನಾಲ್ಕರ ಗುಣಕಗಳಷ್ಟು ಜಾರುತ್ತದೆ. ೨೦೦ರಲ್ಲಿ ನಾಲ್ಕು ಹೆಜ್ಜೆಯೆಂದರೆ ೫ ಮಿಲಿಮೀಟರಿನ ತಿರುಪಿನಲ್ಲಿ ೦.೧ ಮಿಲಿಮೀಟರು. ಗೆಳೆಯನ ಅಚ್ಚು ಕೆಟ್ಟದ್ದು ೦.೨ರಷ್ಟು. ಅಂದರೆ ಹನ್ನೊಂದು ಗಂಟೆಗಳಲ್ಲಿ ಎರಡೇ ಎರಡು ಬಾರಿ ಜಾರಿದೆ. ಕೋಟಿಗಟ್ಟಲೆ ಮಿಡಿತಗಳಲ್ಲಿ ಎರಡು ಕಡೆ ತಾಳ ತಪ್ಪಿದ್ದಕ್ಕೆ ಇಡೀ ದಿನದ ದುಡಿಮೆ ನೀರಿಗೆ ಹೋಯಿತು. ಜಾರಿದ ಸಂಗತಿ ಗಣಕಕ್ಕೆ ತಿಳಿಯುವುದೂ ಇಲ್ಲ. ಮಿಡಿತ ಕಳಿಸುವುದಷ್ಟೇ ಅದರ ಕೆಲಸ; ಮೇಜು ಎಲ್ಲಿದೆಯೆಂದು ತಿರುಗಿ ಹೇಳುವವರು ಈ ಅಗ್ಗದ ಏರ್ಪಾಟಿನಲ್ಲಿ ಯಾರೂ ಇಲ್ಲ. ಅಂದು ಹೇಳಿದವರು ಮೇಸ್ತ್ರಿಯೊಬ್ಬರೇ. ಮಿಡಿತಗಳು ಸಮನಾಗಿ ಬಂದರೆ ಮೋಟಾರು ಒಂದೇ ಶ್ರುತಿಯಲ್ಲಿ ಹಾಡುತ್ತದೆ, ಏರುಪೇರಾದರೆ ದನಿ ಒರಟಾಗುತ್ತದೆ. ಅವರಿಗೆ ಕೇಳಿಸಿದ ತೊದಲು ಇದೇ.

ಹಾಗಾದರೆ ಆ ಹಳೆಯ ಮುದಿ ಯಂತ್ರ ಇಷ್ಟು ವರ್ಷ ತಾಳ ತಪ್ಪದೆ ನಡೆದದ್ದು ಹೇಗೆ?

ಅದಕ್ಕೆ ಬೇರೆ ಕೆಲಸವೇ ಇರಲಿಲ್ಲವೆಂಬುದು ಮೊದಲನೆಯ ಕಾರಣ. ಅದು ಡಾಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ನಡೆಯುತ್ತಿತ್ತು. ಡಾಸ್ ಒಮ್ಮೆಗೆ ಒಂದೇ ಕಾರ್ಯವನ್ನು ಎತ್ತಿಕೊಳ್ಳುತ್ತದೆ. ಗಣಕದೊಳಗಿನ ಗಡಿಯಾರವನ್ನೇ ತನ್ನ ಕೈಗೆ ತೆಗೆದುಕೊಂಡು, ಪ್ರತಿ ಸಲ ಅದು ಬಡಿದಾಗಲೂ ಪ್ರಿಂಟರಿನ ಕಂಡಿಗೆ ಒಂದು ಅಂಕಿಯನ್ನು ಬರೆಯುವ ಕೆಲಸವನ್ನು ಅಲ್ಲಿ ನಿರಾತಂಕವಾಗಿ ಮಾಡಬಹುದು. ೧೯೮೧ರ ಐಬಿಎಂ ಪಿಸಿಯ ಕಾಲದಿಂದ ಗಣಕಗಳ ಬೆನ್ನಿನಲ್ಲಿದ್ದ, ೨೫ ರಂಧ್ರಗಳ ಆ ಪ್ಯಾರಲಲ್ ಪೋರ್ಟನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೊರಕ್ಕೆ ಹನ್ನೆರಡು ತಂತಿ, ಒಳಕ್ಕೆ ಐದು. ಅಂಕಿ ಬರೆದ ಮರುಕ್ಷಣವೇ ತಂತಿಯಲ್ಲಿ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ. ನಡುವೆ ದಲಾಲರಿಲ್ಲ. ಅಕ್ಷರ ಅಚ್ಚು ಮಾಡಲೆಂದು ಹುಟ್ಟಿದ ಈ ಕಂಡಿ ಲೋಹ ಕೆತ್ತುವವರ ಪಾಲಿಗೆ ವರವಾದದ್ದು ಒಂದು ವಿನೋದ.

ಹೊಸ ಗಣಕವಾದರೋ ದೊಡ್ಡ ಸಂಸಾರಸ್ಥ. ಪರದೆಯ ಚಿತ್ರ, ಅಂತರ್ಜಾಲದ ಸಂಪರ್ಕ, ವೈರಸ್ಸಿನ ಕಾವಲು, ತನ್ನನ್ನು ತಾನೇ ನವೀಕರಿಸಿಕೊಳ್ಳುವ ಕೆಲಸ ಎಲ್ಲವೂ ಏಕಕಾಲಕ್ಕೆ ನಡೆಯಬೇಕು. ಒಂದೊಂದಕ್ಕೂ ಚೂರು ಚೂರು ಸಮಯವನ್ನು ಹಂಚುತ್ತ ಹೋಗುತ್ತದೆ. ಮಿಡಿತದ ಸರದಿ ಬರುವಾಗ ಒಂದಿಷ್ಟು ಹಿಂದುಮುಂದಾಗುತ್ತದೆ. ಇದಾದರೂ ಕಣ್ಣಿಗೆ ಕಾಣುವ ಸಂಸಾರ. ಕಾಣದ್ದು ಇನ್ನೊಂದಿದೆ. ವಿಂಡೋಸ್, ಲೈನಕ್ಸ್ ಮೊದಲಾದ ವ್ಯವಸ್ಥೆಗಳಿಗಿಂತಲೂ ಕೆಳಗೆ, ಮದರ್‌ಬೋರ್ಡಿನಲ್ಲೇ ಬರೆದಿಟ್ಟ ಒಂದು ಮೇಲ್ವಿಚಾರಕ ಕ್ರಮವಿಧಿಯಿದೆ. ೧೯೯೦ರಲ್ಲಿ ಇಂಟೆಲ್ ಸಂಸ್ಥೆ ಕೈಗೊಯ್ಯುವ ಗಣಕಗಳಿಗೆಂದು ಮಾಡಿದ ಚಿಪ್ಪಿನೊಡನೆ ಇದು ಬಂದಿತು. ವಿದ್ಯುತ್ತನ್ನು ಉಳಿಸುವುದು, ಕಾವನ್ನು ನೋಡಿಕೊಳ್ಳುವುದು ಇದರ ಹೊಣೆ. ಇದು ಬೇಕೆಂದಾಗ ಪ್ರೊಸೆಸರನ್ನು ನಿಲ್ಲಿಸಿ ತನ್ನ ಕೆಲಸ ಮುಗಿಸಿಕೊಂಡು ಬಿಟ್ಟುಬಿಡುತ್ತದೆ. ಮೇಲಿನ ವ್ಯವಸ್ಥೆಗೆ ತನ್ನನ್ನು ಯಾರೋ ಹಿಡಿದು ನಿಲ್ಲಿಸಿದ್ದರೆಂಬ ಅರಿವೇ ಇರುವುದಿಲ್ಲ. ಹರಿಕಥೆಯ ನಡುವೆ ತೂಕಡಿಸಿ ಎಚ್ಚೆತ್ತವನು ತಾನು ಎಲ್ಲವನ್ನೂ ಕೇಳಿದೆನೆಂದು ನಂಬಿರುವುದಿಲ್ಲವೆ, ಹಾಗೆ. ಪತ್ರ ಬರೆಯುವವನಿಗೆ ಈ ತೂಕಡಿಕೆಯಿಂದ ಏನೇನೂ ಬಾಧಕವಿಲ್ಲ. ಮೋಟಾರಿಗೆ ಅದೇ ಪ್ರಾಣಾಂತಿಕ. ಮಡಿಲ ಮೇಲಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯನ್ನು ಉಳಿಸುವ ಹಂಬಲ ಹೆಚ್ಚಾದ್ದರಿಂದ ಈ ಕೆಲಸಕ್ಕೆ ಅವು ಎಲ್ಲಕ್ಕಿಂತ ಅಯೋಗ್ಯ.

ಸುದೈವದಿಂದ ಈ ತೂಕಡಿಕೆಯನ್ನು ಅಳೆಯಬಹುದು. ಅಮೆರಿಕದ ಸರ್ಕಾರದ ಅಳತೆ-ಮಾನಕಗಳ ಸಂಸ್ಥೆ ೧೯೯೦ರ ದಶಕದಲ್ಲಿ ಯಂತ್ರಗಳನ್ನು ನಡೆಸುವ ಒಂದು ಕ್ರಮವಿಧಿಯನ್ನು ರೂಪಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದೇ ಮುಂದೆ ಹಲವು ಕೈಗಳಲ್ಲಿ ಬೆಳೆದು ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ಗಣಕವೊಂದು ಕರೆದ ಗಳಿಗೆಗೆ ಓಗೊಡಲು ಹೆಚ್ಚೆಂದರೆ ಎಷ್ಟು ತಡಮಾಡುತ್ತದೆಂಬುದನ್ನು ಅಳೆಯುವ ಪರೀಕ್ಷೆ ಅದರೊಳಗೇ ಇದೆ. ತಡ ೨೦ ಮೈಕ್ರೋಸೆಕೆಂಡಿನ ಒಳಗಿದ್ದರೆ ಉತ್ತಮ. ೩೦ರಿಂದ ೫೦ ಆದರೆ ನಡೆದೀತು, ಓಟದ ವೇಗ ತಗ್ಗಿಸಬೇಕು. ನೂರನ್ನು ಮುಟ್ಟಿದರೆ ಆ ಗಣಕದಿಂದ ನೇರವಾಗಿ ಮಿಡಿತ ಕಳಿಸುವ ಆಸೆಯನ್ನು ಬಿಡಬೇಕು. ಗೆಳೆಯನ ಹೊಸ ಗಣಕವನ್ನು ಒಂದು ಮಧ್ಯಾಹ್ನವೆಲ್ಲ ಈ ಪರೀಕ್ಷೆಗೆ ಒಡ್ಡಿದೆ. ಬಹು ಹೊತ್ತು ಅದು ಹತ್ತರ ಆಚೀಚೆಯೇ ಇತ್ತು; ನಾನು ಎದ್ದು ಕಾಫಿಗೆ ಹೋಗಿ ಬರುವಷ್ಟರಲ್ಲಿ ಒಮ್ಮೆ ನೂರನ್ನು ದಾಟಿತ್ತು. ನನ್ನ ಮನೆಯ ಅಟ್ಟದ ಮೇಲಿದ್ದ, ಕಚೇರಿಯೊಂದು ಕೈಬಿಟ್ಟಿದ್ದ ಹಳೆಯ ಗಣಕ ಇಡೀ ಸಂಜೆ ೨೦ರ ಗೆರೆಯನ್ನು ದಾಟಲಿಲ್ಲ. ಅಂಗಡಿಯವನ ಬೆಲೆಪಟ್ಟಿಯಲ್ಲಿ ಈ ಅಂಕಿ ಇರುವುದಿಲ್ಲ. ಇರುವುದು ವೇಗದ ಅಂಕಿ ಮಾತ್ರ.

ಇದನ್ನೆಲ್ಲ ಕೇಳಿ ಹಳೆಯದೇ ಶ್ರೇಷ್ಠವೆಂಬ ತೀರ್ಮಾನಕ್ಕೆ ಯಾರೂ ಧಾವಿಸಬಾರದು. ನಾನೂ ಒಂದು ವಾರ ಹಾಗೆ ಧಾವಿಸಿದ್ದೆ. ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಮದರ್‌ಬೋರ್ಡುಗಳ ರಾಶಿಯನ್ನು ಕೆದಕುತ್ತ ಗೆಳೆಯನೂ ನಾನೂ ಅಲೆದೆವು. ಹಳೆಯ ಗಣಕಕ್ಕೆ ಬರುವ ರೋಗಗಳು ಅಲ್ಲಿ ಒಂದೊಂದಾಗಿ ಕಣ್ಣಿಗೆ ಬಿದ್ದವು. ಕೆಲವು ಬೋರ್ಡುಗಳ ಮೇಲೆಯೇ ಬೆಸೆದಿದ್ದ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಇನ್ನು ಕೆಲವುಗಳ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ನಿಂತಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಒಳಗಿನ ದ್ರವ ಸರಿಯಿಲ್ಲದ ಕೆಪಾಸಿಟರುಗಳು ಜಗತ್ತಿನಾದ್ಯಂತ ಗಣಕಗಳೊಳಗೆ ಸೇರಿಹೋಗಿದ್ದವು. ಫ್ಲಾಪಿಯ ಮಾತಂತೂ ಕೇಳುವುದೇ ಬೇಡ. ಸೋನಿ ಸಂಸ್ಥೆ ತನ್ನ ನಾಡಿನಲ್ಲಿ ಅದರ ಮಾರಾಟವನ್ನು ೨೦೧೧ರಲ್ಲೇ ನಿಲ್ಲಿಸಿತು. ಕಾರ್ಖಾನೆಯ ಗಾಳಿಯಲ್ಲಿ ಲೋಹದ ಪುಡಿಯೂ ಎಣ್ಣೆಯ ಹಬೆಯೂ ಸದಾ ಇರುತ್ತವೆಂಬುದನ್ನು ಇದಕ್ಕೆ ಕೂಡಿಸಿಕೊಳ್ಳಿ. ಸತ್ತರೆ ಬದಲಿಲ್ಲದ ಕುದುರೆಯ ಮೇಲೆ ಹೊಟ್ಟೆಪಾಡಿನ ಗಾಡಿಯನ್ನು ಹೂಡುವುದು ಧೈರ್ಯವಲ್ಲ.

ನಿಜವಾದ ತೊಡಕು ಇರುವುದು ಎರಡು ಆಯುಸ್ಸುಗಳ ನಡುವೆ ಎಂದು ನನಗೆ ಆಗ ತೋರಿತು. ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು ೧೯೫೩ರಲ್ಲಿ. ಯಂತ್ರೋಪಕರಣಗಳ ಕೇಂದ್ರೀಯ ಸಂಶೋಧನಾಲಯ ಇಲ್ಲಿಗೆ ಬಂದದ್ದು ೧೯೬೨ರಲ್ಲಿ. ಅಂದು ಎರಕ ಹೊಯ್ದ ಎಚ್‌ಎಂಟಿ ಲೇತುಗಳು ಪೀಣ್ಯದ ಓಣಿಗಳಲ್ಲಿ ಇಂದಿಗೂ ದುಡಿಯುತ್ತಿವೆ. ಜಾರುಹಳಿ ಸವೆದರೆ ಹೆರೆದು ಸಮಮಾಡಿದರಾಯಿತು, ಮತ್ತೆ ಹತ್ತು ವರ್ಷ ಚಿಂತೆಯಿಲ್ಲ. ಎರಕದ ಕಬ್ಬಿಣ ಹಳತಾದಷ್ಟೂ ಒಳಗಿನ ಬಿಗುಪು ಸಡಿಲಿ ಸ್ತಿಮಿತಕ್ಕೆ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ಗಣಕದ ಬಾಳು ಹಾಗಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು ೨೦೦೧ರಲ್ಲಿ. ಅದನ್ನು ಮಾಡಿದವರೇ ೨೦೧೪ರಲ್ಲಿ ಅದರ ಪೋಷಣೆಯನ್ನು ನಿಲ್ಲಿಸಿದರು. ಐವತ್ತು ವರ್ಷ ಬಾಳುವ ಕಬ್ಬಿಣಕ್ಕೆ ಹತ್ತು ಹನ್ನೆರಡು ವರ್ಷ ಬಾಳುವ ಮಿದುಳನ್ನು ಗಂಟುಹಾಕಿದ್ದೇವೆ. ಒಂದು ಬದುಕಿರುವಾಗ ಇನ್ನೊಂದು ನಾಲ್ಕು ಬಾರಿ ಸಾಯುತ್ತದೆ. ಆದ್ದರಿಂದ ಯಾವ ಗಣಕ ತರಬೇಕೆಂಬುದಕ್ಕಿಂತ ಮುಂಚೆ, ಮಿದುಳು ಸತ್ತಾಗ ಕೈಕಾಲು ಕೆಡದಂತೆ ಅವುಗಳ ನಡುವಿನ ಗಂಟನ್ನು ಎಲ್ಲಿ ಹಾಕಬೇಕೆಂದು ಯೋಚಿಸುವುದು ಮೇಲು.

ಇದಕ್ಕೆ ಇಂದು ದಾರಿಯಿದೆ. ತಾಳ ಹಾಕುವ ಕೆಲಸವನ್ನು ಗಣಕದಿಂದ ಕಿತ್ತುಕೊಂಡು ಅದಕ್ಕೆಂದೇ ಇರುವ ಒಂದು ಪುಟ್ಟ ಫಲಕಕ್ಕೆ ಕೊಟ್ಟುಬಿಡುವುದು. ಗಣಕ ಈ ಫಲಕಕ್ಕೆ ಮಿಡಿತಗಳನ್ನು ಕಳಿಸುವುದಿಲ್ಲ. "ಇಷ್ಟು ವೇಗದಲ್ಲಿ ಬಲಕ್ಕೆ ಹತ್ತು ಮಿಲಿಮೀಟರು ನಡೆ" ಎಂಬಂಥ ಅಪ್ಪಣೆಗಳನ್ನು ಕಳಿಸುತ್ತದೆ. ಫಲಕ ಹತ್ತಾರು ಅಪ್ಪಣೆಗಳನ್ನು ಮುಂಚಿತವಾಗಿಯೇ ಪಡೆದು ಕೂಡಿಟ್ಟುಕೊಂಡು ತಾನೇ ಲಯಬದ್ಧವಾಗಿ ಮಿಡಿತಗಳನ್ನು ಬಡಿಯುತ್ತದೆ. ಗಣಕ ನಡುವೆ ತೂಕಡಿಸಿದರೂ ಚಿಂತೆಯಿಲ್ಲ.

ಇಲ್ಲಿ ಯುಎಸ್‌ಬಿ ತಂತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೆಯ ಪ್ರಿಂಟರಿನ ಕಂಡಿಯನ್ನು ಯುಎಸ್‌ಬಿಗೆ ಜೋಡಿಸುವ ತಂತಿ ಅಂಗಡಿಗಳಲ್ಲಿ ಸಿಗುತ್ತದೆ. ಎಷ್ಟೋ ಮಂದಿ ಅದನ್ನು ತಂದು ಕೈಸುಟ್ಟುಕೊಂಡಿದ್ದಾರೆ. ಯುಎಸ್‌ಬಿಯ ರೀತಿ ಅಂಚೆಚೀಲದ ರೀತಿ. ಸಾಮಾನ್ಯ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಚೀಲ ಹೊರಡುತ್ತದೆ. ನಮ್ಮ ಲೆಕ್ಕದಲ್ಲಿ ಆ ಒಂದು ಅವಧಿಯೊಳಗೆ ಹದಿನಾರು ಮಿಡಿತಗಳು ಆಗಿಹೋಗಬೇಕು. ಅವೆಲ್ಲ ಒಂದೇ ಚೀಲದಲ್ಲಿ ಮೂಟೆಯಾಗಿ ಬಂದರೆ ಮೋಟಾರು ಏನು ಮಾಡೀತು? ಅಪ್ಪಣೆಗಳಾದರೆ ಚೀಲದಲ್ಲಿ ಬರಬಹುದು, ತಾಳ ಬರಲಾರದು.

ಈ ಫಲಕಗಳ ಪೈಕಿ ಅತ್ಯಂತ ಅಗ್ಗವಾದದ್ದು ಕೆಲವು ನೂರು ರೂಪಾಯಿಗೆ ದೊರೆಯುವ ಆರ್ಡುಯಿನೋ. ಅದಕ್ಕೆಂದು ಬರೆದ ಜಿಆರ್‌ಬಿಎಲ್ ಎಂಬ ಉಚಿತ ಕ್ರಮವಿಧಿ ಸೆಕೆಂಡಿಗೆ ೩೦,೦೦೦ ಮಿಡಿತಗಳನ್ನು ತಪ್ಪದೆ ಕೊಡುತ್ತದೆ. ಆ ಫಲಕದ ಹೃದಯವಾದ ಚಿಪ್ಪಿನ ವಿವರವನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಎಂಟು ಬಿಟ್ಟಿನದು, ೧೬ ಮೆಗಾಹರ್ಟ್ಸ್ ವೇಗ, ನೆನಪು ಎರಡು ಕಿಲೋಬೈಟು. ವೇಗದಲ್ಲಿ ನಾನು ಗುಜರಿಗೆ ಹಾಕೆಂದ ಹಳೆಯ ಗಣಕದ ತಾತನಂತಿದೆ! ಅದಕ್ಕೆ ಬೇರೆ ಸಂಸಾರವಿಲ್ಲ, ತಾಳ ಹಾಕುವುದೊಂದೇ ಕೆಲಸ. ಆದ್ದರಿಂದಲೇ ಅದು ಸಾಕು. ಹೊಸ ಗಣಕಕ್ಕೆ ಬಂದ ಕಷ್ಟವನ್ನು ಪರಿಹರಿಸಲು ಪಕ್ಕದಲ್ಲಿ ಒಂದು ಹಳೆಯ ಕಾಲದ ಗಣಕವನ್ನು ಕೂರಿಸಿದಂತಾಯಿತು.

ಅಗ್ಗವೆಂದು ಹಾಗೇ ತಂದು ಕಾರ್ಖಾನೆಯಲ್ಲಿ ತೂಗುಹಾಕುವಂತಿಲ್ಲ. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತದೆ, ದೊಡ್ಡ ಮೋಟಾರುಗಳ ಕಾಂಟ್ಯಾಕ್ಟರುಗಳು ಬಡಿದುಕೊಳ್ಳುತ್ತವೆ. ಆ ವಿದ್ಯುತ್ ಗದ್ದಲಕ್ಕೆ ಇಂಥ ಫಲಕ ಮೂರ್ಛೆ ಹೋಗುತ್ತದೆ. ಮುಚ್ಚಿದ ಲೋಹದ ಪೆಟ್ಟಿಗೆ, ಹೊದಿಕೆಯುಳ್ಳ ತಂತಿ, ಬೆಳಕಿನ ಮೂಲಕ ಸಂಜ್ಞೆ ದಾಟಿಸುವ ತಡೆಗೋಡೆ ಇಷ್ಟಾದರೂ ಬೇಕು. ಸ್ವಲ್ಪ ಹೆಚ್ಚು ಹಣವಿದ್ದರೆ ಈಥರ್ನೆಟ್ ತಂತಿಯಿಂದ ಜೋಡಿಸುವ, ಕಾರ್ಖಾನೆಗೆಂದೇ ಮಾಡಿದ ಫಲಕಗಳಿವೆ. ಗೆಳೆಯನಿಗೆ ನಾನು ಹೇಳಿದ್ದು ಅದನ್ನೇ. ಈ ಬಾರಿ ಯೋಚಿಸಿ ಹೇಳಿದೆ. ದೊಡ್ಡ ಕಾರ್ಖಾನೆಗಳ ಯಂತ್ರಗಳಲ್ಲಿ ಫಾನುಕ್, ಸೀಮೆನ್ಸ್ ಮೊದಲಾದವರ ನಿಯಂತ್ರಕಗಳಿರುತ್ತವೆ. ಮೇಜು ಎಲ್ಲಿದೆಯೆಂದು ಕ್ಷಣಕ್ಷಣಕ್ಕೂ ತಿರುಗಿ ತಿಳಿಸುವ ಏರ್ಪಾಟು ಅಲ್ಲಿದೆ. ಅದರ ಲೆಕ್ಕವೇ ಬೇರೆ, ಬೆಲೆಯೂ ಬೇರೆ.

ವಾಸ್ತವವಾಗಿ ಎಲ್ಲಕ್ಕೂ ಮೊದಲಿನ ಯಂತ್ರದಲ್ಲಿ ತಾಳಕ್ಕೆ ಬೇರೆ ಗಣಕವಿರಲಿಲ್ಲ; ತಾಳ ಹಾಕಲೆಂದೇ ಇಡೀ ಬೀರು ಇತ್ತು. ಹೆಲಿಕಾಪ್ಟರಿನ ರೆಕ್ಕೆಗಳ ಆಕಾರವನ್ನು ಅಂಕಿಗಳಿಂದ ಕೆತ್ತಿಸುವ ಯೋಚನೆ ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನದು. ಅದನ್ನು ಹಿಡಿದು ಎಂಐಟಿಯ ಪ್ರಯೋಗಾಲಯದವರು ೧೯೫೨ರಲ್ಲಿ ಮಿಲ್ಲಿಂಗ್ ಯಂತ್ರವೊಂದನ್ನು ರಂಧ್ರದ ಪಟ್ಟಿಯ ಆಣತಿಯಂತೆ ನಡೆಸಿ ತೋರಿಸಿದರು. ನಿಯಂತ್ರಕದಲ್ಲಿ ನೂರಾರು ನಿರ್ವಾತ ಕವಾಟಗಳಿದ್ದವು. ಅಂದು ಬೀರುವಿನಲ್ಲಿದ್ದದ್ದು ಈಗ ಬೆಂಕಿಪೊಟ್ಟಣದಷ್ಟು ಜಾಗಕ್ಕೆ ಇಳಿದಿದೆ.

ಫಲಕವನ್ನು ಜೋಡಿಸಿದ ದಿನ ನಾನೂ ಹೋಗಿದ್ದೆ. ಅಲ್ಯೂಮಿನಿಯಂ ತುಂಡೊಂದರ ಮೇಲೆ ಪರೀಕ್ಷೆ. ಗೆಳೆಯ ಪರದೆಯನ್ನು ನೋಡಲಿಲ್ಲ, ಮೇಸ್ತ್ರಿಯವರ ಮುಖವನ್ನು ನೋಡುತ್ತಿದ್ದ. ಅವರು ಮೋಟಾರಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಬಳಿಕ, "ಈಗ ಸರಿಯಾಗಿ ಹಾಡ್ತಾ ಇದೆ ಸಾರ್" ಎಂದರು. "ಅವತ್ತು ನಾನು ಹಾಗನ್ನಬಾರದಿತ್ತು ಮೇಸ್ತ್ರಿಗಳೇ" ಎಂದ ಗೆಳೆಯ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಬಟ್ಟೆಯಿಂದ ಕೈ ಒರಸಿಕೊಂಡು ಅಳತೆಯ ಮಾಪಕವನ್ನು ತರಲು ಹೋದರು.

ಹಳೆಯ ಗಣಕವನ್ನು ಗುಜರಿಯವರು ಎರಡು ಬಾರಿ ಬಂದು ಕೇಳಿಹೋಗಿದ್ದಾರೆ. ಗೆಳೆಯ ಕೊಟ್ಟಿಲ್ಲ. ರೇಡಿಯೋ ರಿಪೇರಿಯವರೊಬ್ಬರಿಂದ ಉಬ್ಬಿದ ಕೆಪಾಸಿಟರುಗಳನ್ನು ಬದಲಾಯಿಸಿ ಅದನ್ನು ಎಬ್ಬಿಸಿದ್ದಾನೆ. ಹಳೆಯ ಗಿರಾಕಿಗಳ ಇಪ್ಪತ್ತು ವರ್ಷದ ಕೆಲಸಗಳ ಅಂಕಿಗಳೆಲ್ಲ ಅದರೊಳಗೇ ಇವೆ. ಆಯುಧಪೂಜೆಯಂದು ಮೇಸ್ತ್ರಿಯವರು ಹೊಸದಕ್ಕೂ ಹಳೆಯದಕ್ಕೂ ಕುಂಕುಮವಿಟ್ಟರು. ಅದರ ಡಿಸ್ಕಿನ ಎರಡು ನಕಲುಗಳನ್ನು ಮಾಡಿಸಿದ್ದೇವೆ. ಒಂದು ಕಾರ್ಖಾನೆಯ ಬೀರುವಿನಲ್ಲಿದೆ, ಇನ್ನೊಂದು ನನ್ನ ಮನೆಯಲ್ಲಿ.